ಚಂದ್ರಿಯ ಪಾಲಿನ ಉಸಿರು

ನಮ್ಮ ಊರಿನಲ್ಲಿ ಬೆಳಗ್ಗೆ ಎದ್ದವರು ಮೊದಲು ಮುಖ ತೊಳೆಯುವುದಿಲ್ಲ, ಎಲೆಗೆ ಉಸಿರು ಹಾಕುತ್ತಾರೆ. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಹಲಗೆ, ಹಲಗೆಗೆ ಮನೆಮಂದಿ ಎಷ್ಟೋ ಅಷ್ಟು ಮೊಳೆ, ಒಂದೊಂದು ಮೊಳೆಗೆ ಒಬ್ಬೊಬ್ಬರ ಹೆಸರು ಬರೆದ ಕಾರ್ಡು. ಕಾರ್ಡಿನ ನಡುವೆ ಬೆರಳಗಲದ ಕರಿ ಎಲೆ, ಅದರ ಕೆಳಗೆ ಒಂದು ಬಿಳಿ ಬೊಟ್ಟು. ಬಾಯಗಲಿಸಿ ಗಂಟಲಿನಿಂದ ಮೂರು ಸಲ ಬಿಸಿಯುಸಿರು ಬಿಟ್ಟರೆ ಒಲೆ ಹೊತ್ತಿಕೊಳ್ಳುವಷ್ಟರಲ್ಲಿ ಬೊಟ್ಟು ಹೇಳಬೇಕಾದ್ದನ್ನು ಹೇಳುತ್ತದೆ. ಬಿಳಿಯಾಗಿಯೇ ಉಳಿದರೆ ಹೊಸ್ತಿಲು ದಾಟಬಹುದು. ಹಳದಿಯಾದರೆ ನೆಗಡಿಯ ಪೈಕಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೋಗಬೇಕು. ನೀಲಿಯಾದರೆ ವಿಷಮಜ್ವರದ ಪೈಕಿ, ಮನೆಯಲ್ಲೇ ಇರಬೇಕು. ಕೆಂಪು ಗಂಟಲುಮಾರಿಗೆ. ಕೆಂಪು ಬಂದವರು ಕಾಲುವೆ ದಾಟಿ ಆಚೆಮನೆಗೆ ಹೋಗಬೇಕು. ಸಾಲಾಗಿ ಮೂರು ಬೆಳಗು ಬಿಳಿ ಬರುವ ತನಕ ಅಲ್ಲೇ.

ಇದು ಯಾವಾಗ ಶುರುವಾಯಿತೋ ನನಗೆ ಗೊತ್ತಿಲ್ಲ. ನಾನು ಈ ಊರಿಗೆ ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿ ಸೇರು ಒದೆಯುವ ಮೊದಲು ನನ್ನ ಮುಂದೆ ಕಾರ್ಡು ಹಿಡಿದಿದ್ದರು. ಮೂಗಿನ ನತ್ತು ಎತ್ತಿ ಹಿಡಿದುಕೊಂಡು ಉಸಿರು ಹಾಕಿದ್ದೆ. ಎದುರು ಸಿಕ್ಕವರನ್ನು ಇಲ್ಲಿ ‘ಊಟ ಆಯ್ತಾ’ ಎಂದು ಕೇಳುವುದಿಲ್ಲ, ‘ಬಿಳೀನಾ?’ ಎಂದು ಕೇಳುತ್ತಾರೆ. ‘ಬಿಳೀನೇ, ನಿಮ್ದು?’ ಎಂದರೆ ಮಾತು ಮುಂದುವರಿಯುತ್ತದೆ. ನಲ್ಲಿಯ ಬಳಿ ಜಗಳವಾದಾಗ ‘ನಿನ್ ನಾಲಗೆಗೆ ಯಾವ ಎಲೇಲೂ ಬಣ್ಣ ಇಲ್ಲ ಕಣೇ’ ಎಂದು ಬೈಯುವುದುಂಟು. ನೆಂಟರಿಗೆಂದು ಪ್ರತಿ ಮನೆಯಲ್ಲೂ ಹೆಸರಿಲ್ಲದ ಒಂದೆರಡು ಕಾರ್ಡು ಇಟ್ಟಿರುತ್ತೇವೆ. ಮನೆಯವರಿಗೆ ಬೇಡವಾದ ನೆಂಟರು ಬಂದರೆ, ಹಳದಿಯಾದರೂ ಆಗಲಿ ಅಂತ ಆ ಕಾರ್ಡಿನ ಕಡೆಗೇ ನೋಡುತ್ತಾ ಕೂರುತ್ತೇವೆ.

ಎಲೆಯ ಮೊದಲ ಕೆಲಸ ಹೆಂಗಸರದು. ಗುಡ್ಡದಿಂದ ಗಂಡಸರು ಕರಿಕಲ್ಲು ತರುತ್ತಾರೆ, ಪೆನ್ಸಿಲಿನೊಳಗಿನ ಕಡ್ಡಿಯಂತೆ ಕೈಗೆ ಹತ್ತುವ ಮೆತ್ತನೆಯ ಕಲ್ಲು. ಅದರ ಚೂರನ್ನು ಟೇಪಿಗೆ ಅಂಟಿಸಿ, ಮಡಚಿ, ಬಿಡಿಸಿ, ಮತ್ತೆ ಮಡಚಿ, ಬಿಡಿಸುತ್ತ ಹೋದರೆ ಪದರ ಪದರವಾಗಿ ಏಳುತ್ತದೆ. ಕೊನೆಗೆ ಒಂದೇ ಒಂದು ಪದರ ಉಳಿಯಬೇಕು. ಬೆಳಕಿಗೆ ಹಿಡಿದರೆ ಗಾಜಿಗೆ ಹೊಗೆ ತಾಗಿದಷ್ಟು ಕಾಣುತ್ತದೆ, ಅಷ್ಟೇ. ಅದಕ್ಕಿಂತ ತೆಳ್ಳಗಿನದು ಲೋಕದಲ್ಲಿ ಇಲ್ಲವಂತೆ. ಕಾರ್ಡು ಮಾಡುವ ಪದರದಮನೆಯವರು ಅದನ್ನು ಗ್ರಾಫೀನ್ ಎನ್ನುತ್ತಾರೆ. ಅವರು ಅದನ್ನು ಕಾರ್ಡಿಗೆ ಕೂರಿಸಿ, ಅದರ ಮೇಲೆ ಒಂದೊಂದು ರೋಗಾಣುವಿಗೂ ಒಂದೊಂದು ಗಾಳ ಇಡುತ್ತಾರೆ. ಉಸಿರಿನಲ್ಲಿ ಬಂದ ರೋಗಾಣು ತನ್ನ ಗಾಳಕ್ಕೆ ಸಿಕ್ಕಿದರೆ, ಎಲೆ ಅಷ್ಟು ತೆಳುವಾದ್ದರಿಂದ, ಆ ತೂಕಕ್ಕೂ ಬೆಚ್ಚುತ್ತದೆ. ಎರಡು ಪದರ ಉಳಿದರೆ ಬೆಚ್ಚುವುದಿಲ್ಲ. ಅಂಥದ್ದಕ್ಕೆ ಕುರುಡೆಲೆ ಎನ್ನುತ್ತೇವೆ. ಯಾರು ಬಿಡಿಸಿದ್ದೆಂದು ತಿಳಿಯಲು ಒಬ್ಬೊಬ್ಬರ ಎಲೆಗೂ ಒಂದೊಂದು ಬಣ್ಣದ ದಾರದ ಗುರುತು. ನನ್ನದು ಕಿತ್ತಳೆ. ನನಗೆ ಕೆಲಸ ಕಲಿಸಿದ ಚಿಕ್ತಾಯಮ್ಮನದು ಹಸಿರು. ನಾನು ಮಗುವನ್ನು ಮಡಿಲಲ್ಲಿ ಹಾಕಿಕೊಂಡು, ಒಲೆಯ ಮೇಲೊಂದು ಕಣ್ಣಿಟ್ಟು, ದಿನಕ್ಕೆ ಇಪ್ಪತ್ತು ಬಿಡಿಸುತ್ತೇನೆ. ನಮ್ಮ ಬೀದಿಯ ಹಲಗೆಗಳಲ್ಲಿರುವುದೆಲ್ಲ ಚಿಕ್ತಾಯಮ್ಮನ ಹಸಿರು ದಾರದ ಎಲೆಗಳೇ.

ಊರಿಗೆ ಇನ್ನೊಂದು ಕಟ್ಟಳೆ ಇದೆ. ಹಾಲು ಕುಡಿಯುವ ಮಕ್ಕಳಿಗೆ ತಾಯಿಯ ಉಸಿರೇ ಸಾಕು. ಮಗು ಮೂರು ಸಲ ಗಂಟಲಿನಿಂದ ಉಸಿರು ಬಿಡಲಾರದಲ್ಲ, ಅದಕ್ಕೆ. ಮಗುವಿನ ಕಾರ್ಡಿಗೂ ತಾಯಿಯೇ ಊದುತ್ತಾಳೆ. ನಾನೂ ಚಂದ್ರಿಗೆ ಹಾಗೇ ಊದಿದೆ. ಅವಳು ಹಾಲು ಬಿಟ್ಟ ವರ್ಷವೂ ಊದಿದೆ. ಆ ಚಳಿಯಲ್ಲಿ, ಕತ್ತಲು ಇನ್ನೂ ಪೂರ್ತಿ ಹರಿಯದ ಹೊತ್ತಿನಲ್ಲಿ, ಮೂರು ವರ್ಷದ ಕೂಸನ್ನು ಯಾಕೆ ಎಬ್ಬಿಸಬೇಕು ಅನ್ನಿಸುತ್ತಿತ್ತು. ಮುಂದಿನ ವರ್ಷದಿಂದ ಎಬ್ಬಿಸೋಣ ಎಂದುಕೊಂಡೆ. ಆಮೇಲೆ ಸಿದ್ದು ಹುಟ್ಟಿದ. ಅವನಿಗೆ ಊದುವಾಗ ಪಕ್ಕದ ಮೊಳೆಯ ಚಂದ್ರಿಯ ಕಾರ್ಡಿಗೂ ಊದಿದರೆ ಮುಗಿಯಿತು. ಅವಳಿಗೆ ಆರು ತುಂಬಿದರೂ ಅದು ಹಾಗೇ ನಡೆದಿತ್ತು. ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಹಾಗೇ ಎಂದು ಗೊತ್ತಿತ್ತು. ಯಾರೂ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಹಲಗೆ ನೋಡಿಕೊಂಡು ಹೋಗುವ ಪುಟ್ಟಮಣಿ ಬರುವ ಹೊತ್ತಿಗೆ ಬೊಟ್ಟುಗಳು ಸಾಲಾಗಿ ಬಿಳಿಯಾಗಿದ್ದರೆ ಆಯಿತು.

ಹೋದ ತಿಂಗಳು ಪಕ್ಕದ ಮನೆಯ ಜವರಮ್ಮನ ಮಗಳು ಭಾಗ್ಯನನ್ನು ಚಾಪೆಯಲ್ಲಿ ಸುತ್ತಿ ಆಚೆಮನೆಗೆ ಎತ್ತಿಕೊಂಡು ಹೋದರು. ಚಂದ್ರಿಯ ಜೊತೆಯವಳು. ಇಬ್ಬರೂ ಒಂದೇ ಸೀಬೆಹಣ್ಣನ್ನು ಒಬ್ಬರ ಬಾಯಿಂದ ಒಬ್ಬರು ಕಿತ್ತು ತಿನ್ನುವವರು. ಹಿಂದಿನ ದಿನ ಗಂಟಲು ನೋವು ಅಂದಳಂತೆ, ಬೆಳಗಾಗುವಷ್ಟರಲ್ಲಿ ಕುತ್ತಿಗೆ ಬಾತು ಉಗುಳು ನುಂಗಲೂ ಆಗಲಿಲ್ಲ. ಆಗ ಪುಟ್ಟಮಣಿ ತಾನು ತಂದ ಬೇರೆ ಬಣ್ಣದ ದಾರದ ಕಾರ್ಡನ್ನು ಅವಳ ಬಾಯಿಯ ಮುಂದೆ ಹಿಡಿದರೆ ಬೊಟ್ಟು ಕ್ಷಣದಲ್ಲಿ ಕೆಂಪಾಯಿತು.

ಪುಟ್ಟಮಣಿ ತನ್ನ ಪುಸ್ತಕ ತೆಗೆದು ಹಾಳೆ ತಿರುವಿದಳು. ‘ನೆನ್ನೆ ಬಿಳಿ, ಮೊನ್ನೆ ಬಿಳಿ, ಆಚೆಮೊನ್ನೇನೂ ಬಿಳಿ. ಗಂಟಲಲ್ಲಿ ಇಷ್ಟು ಪೊರೆ ಕಟ್ಟೋಕೆ ಮೂರು ದಿನಾನಾದ್ರೂ ಬೇಕು ಕಣಮ್ಮ ಜವರಮ್ಮ. ಎಲೆ ಏನು ನಿದ್ದೆ ಮಾಡ್ತಿತ್ತಾ?’

ಜವರಮ್ಮ ಪುಸ್ತಕದ ಕಡೆ ತಿರುಗಿಯೂ ನೋಡದೆ ಮಗಳ ಹಿಂದೆ ಕಾಲುವೆಯ ಸೇತುವೆಯ ತನಕ ಓಡಿ, ಅಲ್ಲಿ ತಡೆದವರ ಕೈಯಲ್ಲಿ ನಿಂತಳು.

ಅವತ್ತೇ ನಮ್ಮ ಬೀದಿಯ ಎರಡೂ ತುದಿಗೆ ಹಗ್ಗ ಕಟ್ಟಿದರು. ಭಾಗ್ಯನಿಗೆ ಯಾರಿಂದ ಬಂತೆಂದು ಗೊತ್ತಾಗುವ ತನಕ ಯಾರೂ ಹೊರಗೆ ಹೋಗುವಂತಿಲ್ಲ, ಒಳಗೆ ಬರುವಂತಿಲ್ಲ. ಬಂದ ಮೂಲ ಸಿಕ್ಕದಿದ್ದರೆ ನಾಳೆ ಇನ್ನೊಂದು ಮಗು, ನಾಡಿದ್ದು ಮತ್ತೊಂದು. ನನ್ನ ಗಂಡ ಮಾದಯ್ಯ ಗುಡ್ಡದ ಕೆಲಸದಲ್ಲಿದ್ದವರು ಅಲ್ಲೇ ಉಳಿದರು. ಹಗ್ಗದಾಚೆ ಬಂದು ನಿಂತು ‘ಮಕ್ಕಳು ಬಿಳೀನಾ?’ ಎಂದು ಕೂಗಿದರು. ನಾನು ‘ಬಿಳೀನೇ’ ಎಂದು ಕೂಗಿದೆ. ಕೂಗಿ ತಿರುಗಿ ಮನೆಗೆ ಬಂದೆ. ಚಂದ್ರಿ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ಮೈ ಮುಟ್ಟಿ ನೋಡಿದೆ, ತಣ್ಣಗಿತ್ತು. ಬಾಯಿ ತೆರೆಸಿ ನೋಡಿದೆ, ಗಂಟಲು ತಾವರೆಯ ಎಸಳಿನ ಹಾಗೆ ಚೆನ್ನಾಗೇ ಇತ್ತು.

ಹಗ್ಗ ಕಟ್ಟಿದ ಮೇಲೆ ಕೆಲಸ ಕಡಿಮೆಯಾಗುತ್ತದೆ ಎಂದುಕೊಳ್ಳುವವರು ಮನೆ ನಡೆಸಿದವರಲ್ಲ. ನೀರಿನ ಬಂಡಿ ದಿನಕ್ಕೆ ಒಂದೇ ಸಲ ಹಗ್ಗದ ತನಕ ಬರುತ್ತಿತ್ತು. ತಂದ ನೀರೆಲ್ಲ ಕುದಿಸಬೇಕು, ಬಟ್ಟೆಯೆಲ್ಲ ಕುದಿಸಬೇಕು, ಲೋಟ ತಟ್ಟೆ ಬೇರೆ ಬೇರೆ. ಸಿದ್ದುಗೆ ಹಲ್ಲು ಬರುವ ಸಮಯ, ಇಡೀ ಹೊತ್ತು ಸೊಂಟದ ಮೇಲೇ. ನಡುವೆ ಇಪ್ಪತ್ತು ಪದರ. ಮೂರನೆಯ ದಿನ ಬಂಡಿಯ ಬಳಿ ಸಾಲಿನಲ್ಲಿ ನಿಂತಾಗ ಹೆಂಗಸರ ಮಾತು ಒಂದು ಕಡೆಗೆ ತಿರುಗಿತ್ತು.

‘ಎಲ್ಲಾರ ಹಲಗೇನೂ ಬಿಳಿ ಅಂದ್ರೆ ಏನರ್ಥ? ಎಲೇನೇ ಕುರುಡು.’

‘ಹಸಿರು ದಾರದ್ದಲ್ವಾ? ಚಿಕ್ತಾಯಮ್ಮನ ಕೈ ನೋಡಿದೀಯಾ, ಕಾಫಿ ಲೋಟ ಹಿಡಿದ್ರೆ ಸೆರಗೆಲ್ಲ ಕಾಫಿ.’

‘ವಯಸ್ಸಾಯ್ತು, ಬಿಡ್ಬೇಕಿತ್ತು. ಆಸೆ.’

ನಾನು ಕೊಡ ತುಂಬಿಸಿಕೊಂಡು ಬಂದೆ. ಅವರ ಮಾತಿನಲ್ಲಿ ಎಲ್ಲೋ ನನಗೆ ಸಮಾಧಾನವಾಯಿತು ಎನ್ನುವುದನ್ನು ಬರೆಯಲೇಬೇಕು. ಎಲೆ ಕುರುಡಾಗಿದ್ದರೆ ತಪ್ಪು ನನ್ನದಲ್ಲ. ಎಲೆ ಕುರುಡಾಗಿದ್ದರೆ ನಾನು ಊದಿದ್ದರೂ ಒಂದೇ, ಚಂದ್ರಿ ಊದಿದ್ದರೂ ಒಂದೇ.

ಮಾರನೆಯ ಬೆಳಗ್ಗೆ ಚಂದ್ರಿಯನ್ನು ಎಬ್ಬಿಸಿದೆ. ಮೊದಲ ಸಲ. ಅವಳು ಕಣ್ಣು ಮುಚ್ಚಿಕೊಂಡೇ ನನ್ನ ಹೆಗಲಿಗೆ ಒರಗಿ ಬಂದಳು. ‘ಹಾ ಅನ್ನು ಮಗಳೇ. ಜೋರಾಗಿ. ಇನ್ನೊಂದ್ಸಲ. ಇನ್ನೊಂದ್ಸಲ.’ ಮೂರನೆಯದಕ್ಕೆ ಆಕಳಿಕೆ ಬಂತು, ಅದೂ ಸೇರಿಕೊಂಡಿತು. ‘ಆಯ್ತಾ ಅವ್ವ? ಮಲಗ್ಲಾ?’ ಎಂದು ಕೇಳಿ, ನಾನು ಹೂಂ ಅನ್ನುವ ಮೊದಲೇ ಅಲ್ಲೇ ಹಲಗೆಯ ಕೆಳಗೆ ಮುದುಡಿಕೊಂಡಳು. ನಾನು ಒಲೆ ಹೊತ್ತಿಸಲು ಹೋಗಲಿಲ್ಲ. ನೋಡುತ್ತಾ ನಿಂತೆ. ಬೊಟ್ಟಿನ ಅಂಚಿನಲ್ಲಿ ಮೊದಲು ಒಂದು ಎಳೆ, ಆಮೇಲೆ ಇಡೀ ಬೊಟ್ಟು, ಆಗಷ್ಟೇ ಇಟ್ಟ ಕುಂಕುಮದ ಹಾಗೆ.

ಬೀದಿಯ ತುದಿಯಿಂದ ಪುಟ್ಟಮಣಿಯ ಕೋಲಿನ ಸದ್ದು ಬರುತ್ತಿತ್ತು. ಒಂದೊಂದು ಬಾಗಿಲಿಗೂ ಎರಡೆರಡು ಸಲ ಕುಟ್ಟುತ್ತಾ ಬರುತ್ತಾಳೆ. ನಮಗಿಂತ ಮೊದಲು ಆರು ಮನೆ. ಎರಡು ಸಲ ಕುಟ್ಟಿದ್ದು ಕೇಳಿಸಿತು. ಕೆಳಗೆ ಚಂದ್ರಿ ಬಾಯಿ ತೆರೆದು ಮಲಗಿದ್ದಳು. ಇನ್ನೆರಡು. ಈ ಕೂಸನ್ನು ಇವತ್ತೇ, ಈಗಲೇ, ನಿದ್ದೆಗಣ್ಣಿನಲ್ಲಿ, ಸೇತುವೆ ದಾಟಿಸಿಬಿಡುತ್ತಾರೆ ಎಂದು ಕಂಡಿತು. ನನ್ನ ಕೈ ನನ್ನನ್ನು ಕೇಳಲಿಲ್ಲ. ಗೂಡಿನಿಂದ ನೆಂಟರ ಕಾರ್ಡು ತೆಗೆಯಿತು, ಅದರ ಮೇಲೆ ಚಂದ್ರಿ ಎಂದು ಬರೆಯಿತು, ಅದನ್ನು ಬಾಯಿಯ ಹತ್ತಿರ ತಂದಿತು. ಮೂರು ಸಲ ಊದಿ ಮೊಳೆಗೆ ಹಾಕಿದೆ. ಕೆಂಪಾದದ್ದನ್ನು ರಾಗಿಹಿಟ್ಟಿನ ಡಬ್ಬಿಯೊಳಗೆ ಮೊಣಕೈ ತನಕ ತೂರಿಸಿ ಹುಗಿದೆ.

ಪುಟ್ಟಮಣಿ ಬಂದಾಗ ನನ್ನ ಕೈ ತುಂಬ ಹಿಟ್ಟು. ‘ಏನಮ್ಮ ದೇವೀರಿ, ಇಷ್ಟು ಬೇಗ ಮುದ್ದೆಗೆ ಇಟ್ಯಾ?’ ಅಂದಳು. ಹಲಗೆ ನೋಡಿದಳು. ಬಿಳಿ, ಬಿಳಿ, ಬಿಳಿ ಎಂದು ಬರೆದುಕೊಂಡಳು. ಕೆಳಗೆ ಮಲಗಿದ್ದ ಚಂದ್ರಿಯನ್ನು ನೋಡಿ ‘ಪಾಪ, ಒಳಗೆ ಹಾಕಮ್ಮ, ನೆಲ ತಣ್ಣಗದೆ’ ಎಂದು ಹೋದಳು.

ಆ ಹಗಲು ನಾನು ಚಂದ್ರಿಯನ್ನು ಒಳಗೇ ಇಟ್ಟುಕೊಂಡೆ. ಸಿದ್ದುವನ್ನು ಅವಳ ಹತ್ತಿರ ಬಿಡಲಿಲ್ಲ. ಅವಳಿಗೆ ಬೇರೆ ತಟ್ಟೆ, ಬೇರೆ ಚಾಪೆ. ‘ಯಾಕವ್ವ ನನ್ನ ಹೊರಗೆ ಬಿಡಲ್ಲ?’ ಎಂದು ಹತ್ತು ಸಲ ಕೇಳಿದಳು. ನಾನೇ ಮನೆಯೊಳಗೆ ಇನ್ನೊಂದು ಆಚೆಮನೆ ಕಟ್ಟಿ ಹದಿನೈದು ದಿನ ಹೇಗಾದರೂ ಸಾಗಿಸಿಬಿಡಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಔಷಧಿ ಎಲ್ಲಿಂದ ತರುವುದು ಎಂಬಲ್ಲಿಗೆ ಬಂದು ಲೆಕ್ಕ ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ ಹಾಕುತ್ತಿದ್ದೆ.

ಮಧ್ಯಾಹ್ನ ಬೀದಿಯಲ್ಲಿ ಗದ್ದಲ ಕೇಳಿತು. ಸಿದ್ದುವನ್ನು ಎತ್ತಿಕೊಂಡು ಬಾಗಿಲಿಗೆ ಬಂದೆ. ಎದುರು ಸಾಲಿನ ಚಿಕ್ತಾಯಮ್ಮನ ಜಗಲಿಯ ಮುಂದೆ ಪುಟ್ಟಮಣಿ, ಪದರದಮನೆಯ ಒಬ್ಬರು, ಅವರ ಹಿಂದೆ ಬೀದಿಯ ಹೆಂಗಸರೆಲ್ಲ ದೂರ ದೂರ ನಿಂತಿದ್ದರು. ಚಿಕ್ತಾಯಮ್ಮನ ಟೇಪಿನ ಉರುಳೆ, ಗಾಜಿನ ಹಲಗೆ, ಹಸಿರು ದಾರದ ಉಂಡೆ, ಎಲ್ಲವನ್ನೂ ಒಂದು ಬುಟ್ಟಿಗೆ ಹಾಕುತ್ತಿದ್ದರು. ಒಮ್ಮೆ ಕುರುಡೆಲೆ ಬಿಡಿಸಿದವಳು ಎಂದಾದರೆ ಮತ್ತೆ ಪದರ ಮುಟ್ಟುವಂತಿಲ್ಲ. ಆಕೆ ಜಗಲಿಯ ಮೇಲೆ ಕೂತಿದ್ದರು. ಎರಡು ಕೈಯೂ ಮಡಿಲಲ್ಲಿ ನಡುಗುತ್ತಿದ್ದವು.

‘ನೋಡಿ, ನೀವೇ ನೋಡಿ’ ಎಂದು ಯಾರೋ ತೋರಿಸಿದರು.

‘ಸುಮ್ಮನಿದ್ದಾಗ ನಡುಗ್ತದೆ ಕಣಪ್ಪ’ ಎಂದರು ಚಿಕ್ತಾಯಮ್ಮ, ಪದರದಮನೆಯವರ ಕಡೆಗೆ ತಿರುಗಿ. ‘ಪದರ ಹಿಡಿದ್ರೆ ನಿಲ್ತದೆ. ಕೊಡಿ ಒಂದು ಚೂರು, ಬಿಡಿಸಿ ತೋರಿಸ್ತೀನಿ. ಅದೂ ಬೇಡವಾ? ಆಯ್ತು. ತಗೊಂಡೋಗಿ. ದಾರ ಮಾತ್ರ ನನ್ನ ಸೀರೇದು, ಅದನ್ನ ಬಿಟ್ಟೋಗಿ.’

ಜವರಮ್ಮ ಮುಂದೆ ಬಂದಳು. ನಾಲ್ಕು ದಿನಕ್ಕೆ ಅವಳ ಮುಖ ಅರ್ಧವಾಗಿತ್ತು. ‘ಮುದುಕಿ, ನನ್ನ ಮಗಳು ಅಲ್ಲಿ ಉಸಿರಾಡೋಕೆ ಒದ್ದಾಡ್ತಾ ಅವ್ಳೆ. ಗಂಟಲಿಗೆ ತೂತು ಮಾಡಿ ನಳಿಗೆ ಇಟ್ಟವ್ರೆ. ನೀನು ಇಲ್ಲಿ ದಾರ ಕೇಳ್ತಿದೀಯಾ?’

ಚಿಕ್ತಾಯಮ್ಮ ತಲೆ ತಗ್ಗಿಸಿದರು. ಆಕೆ ತಲೆ ತಗ್ಗಿಸಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಅಷ್ಟರಲ್ಲಿ ಇನ್ನೊಂದನ್ನೂ ಯೋಚಿಸಿದೆ. ತಪ್ಪು ಇವರದ್ದೆಂದು ಮುಗಿಸಿ ನಾಳೆ ಹಗ್ಗ ಬಿಚ್ಚುತ್ತಾರೆ. ಮಕ್ಕಳು ಶಾಲೆಗೆ ಹೋಗುತ್ತವೆ. ಎಷ್ಟು ದಿನ ನಾನು ಚಂದ್ರಿಯನ್ನು ಬಾಗಿಲೊಳಗೆ ಹಿಡಿದಿಡಬಲ್ಲೆ?

ಒಳಗೆ ಹೋಗಿ ಸಿದ್ದುವನ್ನು ತೊಟ್ಟಿಲಲ್ಲಿ ಹಾಕಿದೆ. ಅವನು ಕಿರುಚಿದ, ಕಿರುಚಲಿ ಎಂದು ಬಿಟ್ಟೆ. ಡಬ್ಬಿಗೆ ಕೈ ಹಾಕಿದೆ. ಬೀದಿ ದಾಟಿ ಹೋಗಿ, ಕಾರ್ಡನ್ನು ಸೆರಗಿನಿಂದ ಒರೆಸಿ, ಪುಟ್ಟಮಣಿಯ ಪುಸ್ತಕದ ಮೇಲೆ ಇಟ್ಟೆ. ಹಿಟ್ಟು ಹೋದ ಮೇಲೆ ಹಸಿರು ದಾರ ಕಂಡಿತು, ಅದರ ಕೆಳಗೆ ಕೆಂಪು ಬೊಟ್ಟು.

‘ಎಲೆ ಕುರುಡಲ್ಲ’ ಎಂದೆ. ‘ಇವತ್ತು ಬೆಳಗ್ಗೆ ಚಂದ್ರಿ ಊದಿದ್ದು. ಇಲ್ಲೀತನಕ ಅವಳು ಯಾವತ್ತೂ ಊದಿರಲಿಲ್ಲ. ನಾನೇ ಊದ್ತಿದ್ದೆ.’

ಪುಟ್ಟಮಣಿ ಕಾರ್ಡನ್ನು ಬೆಳಕಿಗೆ ಹಿಡಿದಳು. ‘ಇವತ್ತು ನಿಮ್ಮ ಹಲಗೇಲಿ ಬಿಳಿ ಇತ್ತಲ್ಲ?’

‘ಅದು ನೆಂಟರ ಕಾರ್ಡು.’

ನಮ್ಮ ಮನೆಯಿಂದ ಸಿದ್ದು ಕಿರುಚುವುದು ಮಾತ್ರ ಕೇಳುತ್ತಿತ್ತು. ಜವರಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಹತ್ತು ವರ್ಷದಿಂದ ನಾವಿಬ್ಬರೂ ಗೋಡೆಯ ಮೇಲಿಂದ ಸಾರಿನ ಬಟ್ಟಲು ದಾಟಿಸಿದವರು.

‘ಬೆಳಗ್ಗೆನೇ ಗೊತ್ತಿತ್ತು ನಿಂಗೆ’ ಎಂದಳು. ‘ನನ್ನ ಮಗಳಿಗೆ ಯಾರಿಂದ ಬಂತು ಅಂತ ಇಡೀ ಬೀದಿ ಒದ್ದಾಡ್ತಿತ್ತು. ನೀನು ಕಾರ್ಡು ಬಚ್ಚಿಟ್ಟೆ.’ ಅಷ್ಟೇ. ಬೈದಿದ್ದರೆ ನಿಂತು ಬೈಸಿಕೊಳ್ಳುತ್ತಿದ್ದೆ. ಅವಳು ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪುಟ್ಟಮಣಿ ಪುಸ್ತಕ ಮುಚ್ಚಿದಳು. ಸಿಟ್ಟಿಗಿಂತ ಹೆಚ್ಚಾಗಿ ಸುಸ್ತು ಕಂಡಿತು ಅವಳ ಮುಖದಲ್ಲಿ. ‘ಹಾಲು ಬಿಟ್ಟ ಮಕ್ಕಳಿಗೆ ಇನ್ಯಾರ್ಯಾರು ಊದ್ತೀರಿ? ಹೇಳ್ಬಿಡಿ. ನಾನೇನೂ ಬರ್ಕೊಳಲ್ಲ.’

ಮೊದಲು ಮೂಲೆ ಮನೆಯವಳು ಸೆರಗಿನೊಳಗಿಂದ ಕೈ ಎತ್ತಿದಳು. ಆಮೇಲೆ ಅವಳ ನಾದಿನಿ. ಆಮೇಲೆ ಎಣಿಸುವುದು ಬೇಡವಾಯಿತು. ಹಿಂದಿನ ದಿನ ಬಂಡಿಯ ಬಳಿ ಚಿಕ್ತಾಯಮ್ಮನ ಕೈಯನ್ನು ಆಡಿಕೊಂಡವಳೂ ಎತ್ತಿದಳು. ಒಬ್ಬಳು, ‘ನಮ್ಮ ಯಜಮಾನ್ರಿಗೂ ನಾನೇ ಊದ್ತೀನಿ, ಎಬ್ಬಿಸಿದ್ರೆ ಕಚ್ಚೋಕೆ ಬರ್ತಾರೆ’ ಎಂದಳು. ಯಾರಿಗೂ ನಗಲು ಆಗಲಿಲ್ಲ.

ಪದರದಮನೆಯವರು ಬುಟ್ಟಿಯನ್ನು ಚಿಕ್ತಾಯಮ್ಮನ ಕಾಲ ಬಳಿ ಇಟ್ಟರು. ಆಕೆ ಅದನ್ನು ನೋಡಲೂ ಇಲ್ಲ. ನನ್ನ ಕಡೆ ತಿರುಗಿ, ‘ಹೋಗು, ಕೂಸು ಅಳ್ತಾ ಅದೆ’ ಎಂದರು.

ಚಂದ್ರಿಯ ಎರಡು ಲಂಗ, ಒಂದು ಟವೆಲು, ಬಾಚಣಿಗೆ, ಒಂದು ಡಬ್ಬಿ ಹುರಿಗಡಲೆ ಕಟ್ಟಿದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಅವಳ ಜೊತೆ ಸೇತುವೆಯ ತನಕ ನಡೆದೆ. ಅಲ್ಲಿಂದ ಮುಂದೆ ದೊಡ್ಡವರನ್ನು ಬಿಡುವುದಿಲ್ಲ. ಮನೆಯಲ್ಲಿ ಮಗುವಿರುವ ತಾಯಿಯನ್ನಂತೂ ಬಿಡುವುದೇ ಇಲ್ಲ.

‘ನಂಗೆ ಜ್ವರ ಇಲ್ಲ ಅಲ್ವಾ ಅವ್ವ?’

‘ಇಲ್ಲ.’

‘ಮತ್ಯಾಕೆ ಹೋಗ್ಬೇಕು?’

‘ನಿನ್ನ ಗಂಟಲಲ್ಲಿ ಅದು ಸುಮ್ಮನೆ ಕೂತದೆ ಮಗಳೇ. ನಿಂಗೆ ಏನೂ ಮಾಡಿಲ್ಲ. ಬೇರೆಯವರಿಗೆ ಹೋದ್ರೆ ಮಾಡ್ತದೆ. ಔಷಧಿ ಕೊಟ್ಟು ಓಡಿಸ್ತಾರೆ.’

ಅವಳು ಒಂದು ಕಲ್ಲನ್ನು ಒದೆಯುತ್ತ ಸ್ವಲ್ಪ ದೂರ ನಡೆದಳು. ‘ಭಾಗ್ಯಂಗೆ ನಾನು ಕೊಟ್ಟಿದ್ದಾ?’

‘ಅಲ್ಲ’ ಎಂದೆ. ‘ನಾನು.’

ಅದು ಅವಳಿಗೆ ಅರ್ಥವಾಗಲಿಲ್ಲ. ಆದರೆ ತಪ್ಪು ತನ್ನ ಮೇಲಿಲ್ಲ ಎಂಬುದಷ್ಟು ಅರ್ಥವಾಯಿತು. ಗಂಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು, ಸೇತುವೆಯ ಆಚೆ ಕಾದಿದ್ದ ಆಯಾಳ ಹತ್ತಿರ ಹೋದಳು. ನಡುವೆ ಒಮ್ಮೆ ತಿರುಗಿ ನೋಡಿದಳು. ನಾನು ಅಳುತ್ತಿದ್ದೇನೆಯೇ ಎಂದು ನೋಡಿದ್ದು. ಬಟ್ಟೆ ಕಟ್ಟಿದ್ದರಿಂದ ಗೊತ್ತಾಗಿರಲಿಕ್ಕಿಲ್ಲ.

ಮಾರನೆಯ ದಿನ ಹಗ್ಗ ಬಿಚ್ಚಿದರು. ಈಗ ನಮ್ಮ ಬೀದಿಯಲ್ಲಿ ಬೆಳಗಾಗುವುದೆಂದರೆ ಮಕ್ಕಳು ಅಳುವುದು. ಒಂದೊಂದು ಬಾಗಿಲಲ್ಲೂ ನಿದ್ದೆಗಣ್ಣಿನ ಒಂದೊಂದು ಮಗು, ಅದರ ತಲೆ ಹಿಡಿದು ನಿಂತ ಒಬ್ಬೊಬ್ಬ ತಾಯಿ. ‘ಹಾ ಅನ್ನೋ.’ ‘ಅಂದ್ನಲ್ಲ!’ ‘ಅದು ಹಾ ಅಲ್ಲ, ಆಕಳಿಕೆ.’ ಪುಟ್ಟಮಣಿ ಎದುರಿಗೇ ನಿಂತು ಊದಿಸಿ ಮುಂದೆ ಹೋಗುತ್ತಾಳೆ. ಮೊದಲಿಗಿಂತ ಅರ್ಧ ಗಂಟೆ ಮುಂಚೆ ಏಳಬೇಕು. ನನ್ನನ್ನು ನೋಡಿದರೆ ಒಬ್ಬಿಬ್ಬರು ಮುಖ ತಿರುಗಿಸುತ್ತಾರೆ, ನಿದ್ದೆ ಹೋದದ್ದಕ್ಕೋ ಬೇರೆಯದಕ್ಕೋ ತಿಳಿಯುವುದಿಲ್ಲ. ಮಾದಯ್ಯ ಮನೆಗೆ ಬಂದು ವಿಷಯವೆಲ್ಲ ಕೇಳಿ, ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ನಾನು ಎಬ್ಬಿಸುವ ಮೊದಲೇ ಎದ್ದು ತಮ್ಮ ಕಾರ್ಡಿಗೆ ತಾವೇ ಊದಿ, ಸಿದ್ದುವನ್ನು ಎತ್ತಿಕೊಂಡು, ‘ನೀನು ಕಾಲುವೆ ಹತ್ರ ಹೋಗಿ ಬಾ’ ಎಂದರು.

ಆಚೆಮನೆಯ ಮಕ್ಕಳು ಬೆಳಗ್ಗೆ ಅಂಗಳಕ್ಕೆ ಬಂದು ಸಾಲಾಗಿ ನಿಂತು ಉಸಿರು ಹಾಕುತ್ತಾರೆ. ಕಾಲುವೆಯ ಈಚೆ ದಡದಲ್ಲಿ ನಾವು ತಾಯಂದಿರು ನಿಲ್ಲುತ್ತೇವೆ. ನೀರಿನ ಅಗಲ ಹೆಚ್ಚಿಲ್ಲ, ಆದರೂ ಕೂಗಿದರೆ ಅರ್ಧ ಮಾತು ಗಾಳಿಗೆ ಹೋಗುತ್ತದೆ. ಭಾಗ್ಯ ಮೊದಲ ವಾರ ಅಂಗಳಕ್ಕೆ ಬರಲಿಲ್ಲ. ಆಮೇಲೆ ಆಯಾ ಎತ್ತಿಕೊಂಡು ಬಂದು ಕೂರಿಸತೊಡಗಿದಳು. ನಳಿಗೆ ತೆಗೆದಿದ್ದಾರೆ, ಕುತ್ತಿಗೆಗೆ ಬಿಳಿ ಪಟ್ಟಿ. ಚಂದ್ರಿ ಅವಳ ಪಕ್ಕದಲ್ಲೇ ಕೂರುತ್ತಾಳೆ. ಜವರಮ್ಮ ನನಗಿಂತ ಹತ್ತು ಮಾರು ದೂರದಲ್ಲಿ, ಹೊಂಗೆಮರದ ಬುಡದಲ್ಲಿ ನಿಂತು ನೋಡುತ್ತಾಳೆ. ನಾನು ಬಂದರೆ ಆ ಕಡೆಗೇ ಇನ್ನೂ ಸ್ವಲ್ಪ ಸರಿಯುತ್ತಾಳೆ. ಮೊದಮೊದಲು ಮಾತಾಡಿಸಲು ಬಾಯಿ ತೆರೆಯುತ್ತಿದ್ದೆ. ಏನೆಂದು ಹೇಳಬೇಕೋ ತಿಳಿಯದೆ ಬಿಟ್ಟೆ. ದಿನಾ ಹೋಗುವುದು, ನಿಲ್ಲುವುದು, ಬರುವುದು. ಬಂದು ಪಾತ್ರೆ ಬೆಳಗುವುದು, ಪದರ ಬಿಡಿಸುವುದು, ಸಿದ್ದುಗೆ ಉಣಿಸುವುದು. ಸುಸ್ತಾದಾಗ ಕೈ ತಾನಾಗಿ ಎರಡು ಪದರಕ್ಕೇ ನಿಂತುಬಿಡುತ್ತದೆ. ಬೆಳಕಿಗೆ ಹಿಡಿದು ನೋಡಿ ಮತ್ತೆ ಮಡಚುತ್ತೇನೆ.

ಚಂದ್ರಿ ಆಚೆಮನೆಗೆ ಹೋಗಿ ನಿನ್ನೆಗೆ ಹನ್ನೊಂದು ದಿನ. ಹಿಂದಿನ ಎರಡು ಬೆಳಗು ಚಂದ್ರಿಗೆ ಬಿಳಿ ಬಂದಿತ್ತು. ಇನ್ನೊಂದು ಬಂದರೆ ಮನೆಗೆ. ಒಲೆಯ ಮೇಲೆ ನೀರು ಕಾಯಲಿಟ್ಟು, ಅವಳ ಹಾಸಿಗೆಯನ್ನು ಬಿಸಿಲು ಬೀಳುವ ಕಡೆ ಹಾಕಿ ಹೋದೆ. ಮಂಜು ಇನ್ನೂ ನೀರಿನ ಮೇಲಿತ್ತು. ಮಕ್ಕಳು ಸಾಲಾಗಿ ಬಂದರು. ಚಂದ್ರಿ ಯಾರೂ ತಲೆ ಹಿಡಿಯದೆ, ಯಾರೂ ಹೇಳಿಕೊಡದೆ, ಬಾಯಗಲಿಸಿ ಮೂರು ಸಲ ಉಸಿರು ಹಾಕಿದಳು. ಪ್ರತಿ ಸಲವೂ ಅವಳ ಹೆಗಲು ಮೇಲೆ ಹೋಗಿ ಕೆಳಗೆ ಬರುವುದು ಇಲ್ಲಿಂದಲೂ ಕಾಣಿಸಿತು. ಕಾದಳು. ಆಮೇಲೆ ಕಾರ್ಡನ್ನು ತಲೆಯ ಮೇಲೆ ಎತ್ತಿ ನನ್ನ ಕಡೆ ತೋರಿಸಿದಳು. ಮಂಜೋ, ನನ್ನ ಕಣ್ಣೋ, ನನಗೆ ಬಣ್ಣ ತಿಳಿಯಲಿಲ್ಲ. ಎರಡು ಹೆಜ್ಜೆ ನೀರಿನ ಕಡೆ ಇಳಿದೆ. ಆಗಲೂ ತಿಳಿಯಲಿಲ್ಲ. ಅವಳು ತೋಳು ನೋಯುವಷ್ಟು ಹೊತ್ತು ಎತ್ತಿ ಹಿಡಿದೇ ಇದ್ದಳು.

ಹಿಂದೆ ಒಣಗಿದ ಎಲೆಗಳ ಮೇಲೆ ಹೆಜ್ಜೆ ಸದ್ದಾಯಿತು. ಜವರಮ್ಮ ನನ್ನ ಪಕ್ಕಕ್ಕೆ ಬಂದು ನಿಂತು, ಹಣೆಗೆ ಕೈ ಅಡ್ಡ ಹಿಡಿದು ಆಚೆ ನೋಡಿದಳು.

‘ಕೆಂಪೇ ಕಣೇ’ ಎಂದಳು. ‘ಮತ್ತೆ ಬಂದದೆ. ಮತ್ತೆ ಮೂರು ದಿನ.’

ನಾನು ಚಂದ್ರಿಗೆ ಕೈ ಬೀಸಿದೆ. ಅವಳು ಕಾರ್ಡು ಇಳಿಸಿದಳು.

‘ನಡಿ’ ಎಂದಳು ಜವರಮ್ಮ. ‘ಒಲೆ ಮೇಲೆ ಏನಿಟ್ಟು ಬಂದಿದೀಯಾ?’

‘ಬರೀ ನೀರು.’

‘ಸೀದುಹೋಗಲ್ಲ ಬಿಡು. ನಿಧಾನಕ್ಕೇ ಹೋಗಣ.’